ಹಿಮದ ಮೇಲಿನ ಸೀಟ್ ಮ್ಯಾಟ್ರಿಕ್ಸ್: ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಒಂದು ದೇಶ ಒಲಿಂಪಿಕ್ಸ್ ತನಕ ಹೋಗುವುದು ಹೇಗೆ

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡುವುದಿಲ್ಲ. ನಮ್ಮ ಅಕ್ಕನ ಮಗ ಆ ಹೊತ್ತಿಗೆ ಕಾಲಿಗೆ ರೋಲರ್ ಸ್ಕೀ (ಚಕ್ರ ಇರುವ ಗಿಡ್ಡ ಸ್ಕೀ) ಕಟ್ಟಿಕೊಂಡು, ಎರಡು ಕೈಯಲ್ಲಿ ಉದ್ದುದ್ದ ಕೋಲು ಹಿಡಿದು ಹೊರಡುತ್ತಾನೆ. ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ, "ಇಲ್ಲಿ ಹಿಮ ಎಲ್ಲಿದೆ ಸ್ವಾಮಿ?" ಹಿಮ ಇಲ್ಲ, ಸರಿ. ಆದರೆ ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರ ಊರಲ್ಲೂ ಹಿಮ ಬೀಳುವುದಿಲ್ಲ. ಅವರು ಗುಲ್ಮಾರ್ಗ್‌ಗೆ ಹೋಗಿ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಅದನ್ನು ಓದಿದ ಮೇಲೆಯೇ ಇವನಿಗೂ ಹುಚ್ಚು ಹಿಡಿದದ್ದು.

ನಾನು ವೃತ್ತಿಯಲ್ಲಿ ಲೆಕ್ಕಪತ್ರ ಬರೆಯುವವನು. ಸ್ಕೀ ಮೇಲೆ ನಿಂತರೆ ಎರಡು ಸೆಕೆಂಡಲ್ಲಿ ಕೆಳಗೆ. ಆದರೆ "ಮಾವ, ಒಲಿಂಪಿಕ್ಸ್‌ಗೆ ಎಷ್ಟು ಪಾಯಿಂಟ್ ಬೇಕು, ಸ್ವಲ್ಪ ಲೆಕ್ಕ ಹಾಕಿ ಹೇಳು" ಅಂತ ಅವನು ಕೇಳಿದಾಗಿನಿಂದ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ, ಅಂದರೆ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಓಡುವ ಓಟದ, ನಿಯಮದ ಪುಸ್ತಕ ಓದುತ್ತಾ ಕೂತಿದ್ದೇನೆ. ಗೊತ್ತಾದದ್ದನ್ನು ಇಲ್ಲಿ ಬರೆದಿಡುತ್ತೇನೆ. ನೀವು ಓಡುವವರಾಗಿದ್ದರೂ ಸರಿ, ಮಗುವನ್ನು ಕಳಿಸುವ ಅಪ್ಪ ಅಮ್ಮ ಆಗಿದ್ದರೂ ಸರಿ, ಸುಮ್ನೆ ಟಿವಿಯಲ್ಲಿ ನೋಡಿ "ನಾರ್ವೆಯವರು ಇಷ್ಟು ಜನ, ನಮ್ಮವರು ಯಾಕೆ ಒಬ್ಬರೇ?" ಅಂದುಕೊಂಡವರಾಗಿದ್ದರೂ ಸರಿ.

ಮೊದಲು ಒಂದು ವಿಷಯ ತಲೆಗೆ ಹಾಕಿಕೊಳ್ಳಿ

ಸಿಇಟಿ ಬರೆದ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ರ‍್ಯಾಂಕ್ ಬೇರೆ, ಸೀಟು ಬೇರೆ. ಒಳ್ಳೆ ರ‍್ಯಾಂಕ್ ಬಂದರೂ ಸೀಟ್ ಮ್ಯಾಟ್ರಿಕ್ಸ್‌ನಲ್ಲಿ ಜಾಗ ಇರಬೇಕು, ಜಾಗ ಇದ್ದರೂ ಕಟ್ ಆಫ್ ಒಳಗೆ ನೀವು ಬರಬೇಕು. ಇಲ್ಲೂ ಹಾಗೆಯೇ. ಓಟಗಾರರು ತಮ್ಮ ಪಾಯಿಂಟ್‌ನಿಂದ ಅರ್ಹತೆ ಗಳಿಸುತ್ತಾರೆ. ಸೀಟು ಮಾತ್ರ ದೇಶದ್ದು. ಆ ಸೀಟಿನಲ್ಲಿ ಯಾರನ್ನು ಕೂರಿಸಬೇಕು ಅನ್ನುವುದೂ ದೇಶದ ತೀರ್ಮಾನ. "ಅವನು ಕ್ವಾಲಿಫೈ ಆದ" ಅಂತ ಪತ್ರಿಕೆಯಲ್ಲಿ ಓದಿದಾಗ ಈ ಎರಡರಲ್ಲಿ ಯಾವುದು ಆಗಿದೆ ಅಂತ ನೋಡಿ, ಬಹಳ ಸಲ ಒಂದು ಮಾತ್ರ ಆಗಿರುತ್ತದೆ.

ಹೆಜ್ಜೆ 1: ಯಾವ ಕೂಟ ಅಂತ ಮೊದಲು ತೀರ್ಮಾನಿಸಿ

ದೊಡ್ಡದು ಮೂರು. ಪ್ರತಿ ಚಳಿಗಾಲ ಊರೂರು ತಿರುಗುವ ವಿಶ್ವಕಪ್, ಬೆಸ ವರ್ಷಗಳಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಷಿಪ್ (2023ರಲ್ಲಿ ಪ್ಲಾನಿಟ್ಸಾ, 2025ರಲ್ಲಿ ಟ್ರೋಂಡ್‌ಹೈಮ್, 2027ರಲ್ಲಿ ಫಾಲುನ್), ಮತ್ತು ನಾಲ್ಕು ವರ್ಷಕ್ಕೊಮ್ಮೆ ಬರುವ ಒಲಿಂಪಿಕ್ಸ್. ಮೂರರ ನಿಯಮವನ್ನೂ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ, ಅಂದರೆ ಫಿಸ್, ಬರೆಯುತ್ತದೆ. ಒಲಿಂಪಿಕ್ಸ್‌ಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮುದ್ರೆಯೂ ಬೇಕು.

ವಿಶ್ವಕಪ್ ನಮ್ಮಂಥವರಿಗೆ ದೂರದ ಮಾತು, ಬೇಗ ಮುಗಿಸುತ್ತೇನೆ. ನೇಷನ್ಸ್ ಕಪ್ ಪಟ್ಟಿಯಲ್ಲಿ, ಅಂದರೆ ದೇಶಗಳ ರ‍್ಯಾಂಕ್ ಪಟ್ಟಿಯಲ್ಲಿ, ದೇಶ ಎಲ್ಲಿದೆ ಅನ್ನುವುದರ ಮೇಲೆ ಸೀಟು ಸಿಗುತ್ತದೆ, ಆತಿಥೇಯ ದೇಶಕ್ಕೆ ಕೆಲವು ಹೆಚ್ಚುವರಿ ಸೀಟು, ಮತ್ತು ಭೂಖಂಡ ಮಟ್ಟದ ಕಪ್‌ನಲ್ಲಿ ಮುಂದಿರುವವರಿಗೆ ಅವರ ಹೆಸರಲ್ಲೇ ಒಂದು ಸೀಟು.

ವಿಶ್ವ ಚಾಂಪಿಯನ್‌ಷಿಪ್ ಮಾತ್ರ ಸಣ್ಣ ದೇಶಗಳಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಪಾಯಿಂಟ್ ಸಾಲದವರಿಗೆ ಅಲ್ಲೇ ಮೊದಲು ಒಂದು ಅರ್ಹತಾ ಓಟ ಇಡುತ್ತಾರೆ. ಅದರಲ್ಲಿ ಮೊದಲ 10 ಸ್ಥಾನ ಬಂದವರು ಮುಖ್ಯ ಓಟಕ್ಕೆ ಹೋಗುತ್ತಾರೆ. ಉಳಿದವರಿಗೂ ಪಾಯಿಂಟ್ ಸಿಗುತ್ತದೆ, ದೊಡ್ಡ ಕೂಟದ ಅನುಭವವೂ ಸಿಗುತ್ತದೆ. ಹಾಲಿ ವಿಶ್ವ ಚಾಂಪಿಯನ್‌ಗೆ ಇಲ್ಲಿ ವೈಯಕ್ತಿಕ ಸೀಟು ಇರುತ್ತದೆ, ಅದಕ್ಕೇ ಒಂದೊಂದು ಓಟದಲ್ಲಿ ಒಂದೇ ದೇಶದ ನಾಲ್ವರ ಬದಲು ಐದು ಜನ ಕಾಣಿಸುವುದು.

ಹೆಜ್ಜೆ 2: ಲೈಸೆನ್ಸ್, ಕೋಡ್, ಮತ್ತು ಕಾಗದ ಪತ್ರ

ಇಲ್ಲಿ ನೀವಾಗಿಯೇ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಮ್ಯಾರಥಾನ್‌ಗೆ ಹೆಸರು ಕೊಟ್ಟ ಹಾಗೆ ಹೆಸರು ಕೊಡಲು ಆಗುವುದಿಲ್ಲ. ಓಟಗಾರರಿಗೆ ಫಿಸ್ ಕೋಡ್ ಅಂತ ಒಂದು ನಂಬರ್ ಬೇಕು. ಅದನ್ನು ಮಾಡಿಸುವುದು, ಪ್ರತಿ ವರ್ಷ ಚಾಲ್ತಿಯಲ್ಲಿಡುವುದು ರಾಷ್ಟ್ರೀಯ ಒಕ್ಕೂಟದ ಕೆಲಸ. ಫಿಸ್ ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಜೂನ್ 30ಕ್ಕೆ. ಪ್ರತಿ ಓಟಕ್ಕೂ ಹೆಸರು ಹೋಗಬೇಕಾದದ್ದು ಒಕ್ಕೂಟದಿಂದಲೇ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಹುಡುಗ ಒಂದು ಸಲ ಸಾಲ ಮಾಡಿ ಆಗ್ನೇಯ ಯುರೋಪಿನ ಬಾಲ್ಕನ್ ಕಡೆಯ ಒಂದು ಸಣ್ಣ ಊರಿಗೆ ಹೋದ. ವೀಸಾ ಆಯಿತು, ಟಿಕೆಟ್ ಆಯಿತು, ಸ್ಕೀ ಚೀಲಕ್ಕೆ ವಿಮಾನದವರು ಕೇಳಿದ ಹೆಚ್ಚುವರಿ ದುಡ್ಡೂ ಆಯಿತು. ಅಲ್ಲಿ ಹೋಗಿ ನೋಡಿದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಇಲ್ಲಿಂದ ಹೋಗಬೇಕಾದ ಮೇಲ್ ಹೋಗಿರಲಿಲ್ಲ. ಯಾರ ತಪ್ಪು ಅಂತ ಇಲ್ಲಿ ಎಳೆಯುವುದು ಬೇಡ, ನಾವೂ ಕೇಳಿ ಖಾತ್ರಿ ಮಾಡಿಕೊಂಡಿರಲಿಲ್ಲ. ಪಾಪ, ಎರಡು ದಿನ ಬೇಲಿ ಪಕ್ಕ ನಿಂತು ಬೇರೆಯವರು ಓಡುವುದನ್ನು ನೋಡಿ ಬಂದ. ಅವತ್ತಿನಿಂದ ನಮ್ಮ ಮನೆಯ ನಿಯಮ ಏನೆಂದರೆ, ಹೆಸರು ಹೋಗಿದೆ ಅಂತ ಸಂಘಟಕರಿಂದಲೇ ವಾಪಸ್ ಉತ್ತರ ಬರುವ ತನಕ ಟಿಕೆಟ್ ಮಾಡುವ ಹಾಗಿಲ್ಲ.

ಡೋಪಿಂಗ್ ನಿಯಮವನ್ನೂ ಈ ಹಂತದಲ್ಲೇ ಓದಿಕೊಳ್ಳಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ನೆಗಡಿ ಮಾತ್ರೆಯೂ ತಲೆನೋವು ತರಬಹುದು. ಇನ್ನು ಸ್ಕೀ ಅಡಿಗೆ ಹಚ್ಚುವ ಮೇಣದಲ್ಲಿ ಫ್ಲೋರಿನ್ ಇರಬಾರದು, 2023-24ರ ಸೀಸನ್‌ನಿಂದ ಫಿಸ್ ಅದನ್ನು ನಿಷೇಧಿಸಿದೆ. ಹಳೇ ಸ್ಕೀ ಕೊಂಡರೆ ಮೊದಲು ಚೆನ್ನಾಗಿ ತೊಳೆಸಿ.

ಹೆಜ್ಜೆ 3: ಪಾಯಿಂಟ್ ಲೆಕ್ಕ (ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ)

ಫಿಸ್ ಪಾಯಿಂಟ್ ಅಂದರೆ ಸಿಇಟಿ ರ‍್ಯಾಂಕ್ ತರಹ, ಕಡಿಮೆ ಇದ್ದಷ್ಟೂ ಒಳ್ಳೇದು. ಲೋಕದ ದೊಡ್ಡ ಓಟಗಾರರು ಸೊನ್ನೆಯ ಹತ್ತಿರ ಇರುತ್ತಾರೆ. ಡಿಸ್ಟೆನ್ಸ್, ಅಂದರೆ ದೂರದ ಓಟಗಳಿಗೆ ಒಂದು ಪಟ್ಟಿ, ಸ್ಪ್ರಿಂಟ್, ಅಂದರೆ ಕಡಿಮೆ ದೂರದ ಓಟಕ್ಕೆ ಬೇರೆ ಪಟ್ಟಿ.

ಒಂದು ಓಟದಲ್ಲಿ ಬರುವ ಪಾಯಿಂಟ್‌ಗೆ ಎರಡು ಭಾಗ. ಮೊದಲನೆಯದು ಗೆದ್ದವರಿಗಿಂತ ನೀವು ಎಷ್ಟು ಹಿಂದೆ ಅನ್ನುವುದು. ನಿಮ್ಮ ಸಮಯವನ್ನು ಗೆದ್ದವರ ಸಮಯದಿಂದ ಭಾಗಿಸಿ, 1 ಕಳೆದು, ಒಂದು ಗುಣಕದಿಂದ ಗುಣಿಸಬೇಕು. ಒಬ್ಬೊಬ್ಬರನ್ನೇ ಅಂತರ ಕೊಟ್ಟು ಬಿಡುವ ಓಟಕ್ಕೆ ಗುಣಕ 800. ಸ್ಪ್ರಿಂಟ್‌ಗೆ 1200. ಎಲ್ಲರನ್ನೂ ಒಟ್ಟಿಗೆ ಬಿಡುವ ಮಾಸ್ ಸ್ಟಾರ್ಟ್‌ಗೆ 1400.

ನಿಜವಾದ ಉದಾಹರಣೆಯನ್ನೇ ತೆಗೆದುಕೊಳ್ಳಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ 15 ಕಿಲೋಮೀಟರ್ ಓಟದಲ್ಲಿ ಸ್ವಿಟ್ಜರ್ಲೆಂಡ್‌ನ ಡಾರಿಯೊ ಕೊಲೊನ್ಯಾ 33 ನಿಮಿಷ 43.9 ಸೆಕೆಂಡಿನಲ್ಲಿ ಗೆದ್ದರು. ನಮ್ಮ ಜಗದೀಶ್ ಸಿಂಗ್ 43 ನಿಮಿಷ 0.3 ಸೆಕೆಂಡಿನಲ್ಲಿ ಮುಗಿಸಿ 103ನೇ ಸ್ಥಾನ ಪಡೆದರು. ಸೆಕೆಂಡಿಗೆ ಇಳಿಸಿದರೆ 2580.3 ಭಾಗ 2023.9, ಅಂದರೆ 1.2749. ಒಂದು ಕಳೆದು 800ರಿಂದ ಗುಣಿಸಿದರೆ ಸುಮಾರು 220. ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಬಿಲ್ ಹಿಂದೆ ಹಾಕಬಹುದಾದ ಲೆಕ್ಕ. ಗಮನಿಸಿ, 103ನೇ ಸ್ಥಾನ ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರಲೇ ಇಲ್ಲ. ಎಷ್ಟನೆಯವರಾದಿರಿ ಅಂತ ಯಾರೂ ಕೇಳುವುದಿಲ್ಲ, ಎಷ್ಟು ಹಿಂದೆ ಅಂತ ಮಾತ್ರ ಕೇಳುತ್ತಾರೆ.

ಎರಡನೆಯ ಭಾಗದ ಹೆಸರು ಪೆನಾಲ್ಟಿ. ಹೆಸರು ಕೇಳಿ ದಂಡ ಅಂದುಕೊಳ್ಳಬೇಡಿ, ಓಟ ಎಷ್ಟು ಗಟ್ಟಿ ಅಂತ ಅಳೆಯುವ ಅಂಕಿ ಅದು. ಮೊದಲ ಐದು ಸ್ಥಾನ ಬಂದವರನ್ನು ನೋಡುತ್ತಾರೆ, ಅವರಲ್ಲಿ ಅತಿ ಒಳ್ಳೆಯ ಮೂವರ ಫಿಸ್ ಪಾಯಿಂಟ್ ಕೂಡುತ್ತಾರೆ, 3.75ರಿಂದ ಭಾಗಿಸುತ್ತಾರೆ. ಮೊದಲ ಐವರ ಪಾಯಿಂಟ್ 60, 75, 90, 110, 140 ಇದ್ದರೆ, ಮೊದಲ ಮೂರರ ಮೊತ್ತ 225, ಪೆನಾಲ್ಟಿ 60. ಇದು ಓಡಿದ ಪ್ರತಿಯೊಬ್ಬರ ಪಾಯಿಂಟ್‌ಗೂ ಸೇರುತ್ತದೆ, ಗೆದ್ದವರಿಗೂ ಸೇರಿ. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್, ವಿಶ್ವಕಪ್‌ಗೆ ಮಾತ್ರ ಸೊನ್ನೆ. ಅದಕ್ಕೇ ಮೇಲಿನ ಉದಾಹರಣೆಯಲ್ಲಿ ಏನೂ ಕೂಡಲಿಲ್ಲ.

ಈಗ ಇದೇ 60 ಪೆನಾಲ್ಟಿ ಇರುವ ಒಂದು 10 ಕಿಲೋಮೀಟರ್ ಓಟದಲ್ಲಿ ಗೆದ್ದವರು 27 ನಿಮಿಷ, ನೀವು 32 ನಿಮಿಷ 24 ಸೆಕೆಂಡು ಅಂದುಕೊಳ್ಳಿ. ನೀವು ಶೇಕಡ 20 ಹಿಂದೆ. ಒಬ್ಬೊಬ್ಬರನ್ನೇ ಬಿಡುವ ಓಟ ಆಗಿದ್ದರೆ 160 ಜೊತೆಗೆ 60, ಒಟ್ಟು 220. ಅದೇ ಕಾಲು, ಅದೇ ಸಮಯ, ಆದರೆ ಮಾಸ್ ಸ್ಟಾರ್ಟ್ ಆಗಿದ್ದರೆ 280 ಜೊತೆಗೆ 60, ಒಟ್ಟು 340! ಒಟ್ಟಿಗೆ ಬಿಟ್ಟಾಗ ಗುಂಪಿನ ಹಿಂದೆ ಗಾಳಿ ಮರೆಯಲ್ಲಿ ಓಡಬಹುದು, ಅಂತರ ಕಡಿಮೆ ಇರುತ್ತದೆ, ಅದನ್ನು ಸರಿದೂಗಿಸಲು ದೊಡ್ಡ ಗುಣಕ. ಗುಂಪಿನ ಜೊತೆ ಇರುವ ಶಕ್ತಿ ಇದ್ದವರಿಗೆ ನ್ಯಾಯ, ಮೊದಲ ಏರಿನಲ್ಲೇ ಗುಂಪು ಕಳೆದುಕೊಳ್ಳುವವರಿಗೆ ಪೆಟ್ಟು.

ಕೊನೆಗೆ, ಹಿಂದಿನ 12 ತಿಂಗಳ ಅತಿ ಒಳ್ಳೆಯ ಐದು ಫಲಿತಾಂಶಗಳ ಸರಾಸರಿಯೇ ಪಟ್ಟಿಯಲ್ಲಿ ನಿಮ್ಮ ಪಾಯಿಂಟ್. ಐದಕ್ಕಿಂತ ಕಡಿಮೆ ಓಡಿದ್ದರೆ ಸರಾಸರಿಯ ಮೇಲೆ ಇನ್ನಷ್ಟು ಸೇರಿಸುತ್ತಾರೆ. ಹಾಗಾಗಿ ಒಂದೇ ಒಂದು ಅದ್ಭುತ ಓಟ ಸಾಲುವುದಿಲ್ಲ, ಐದು ಬೇಕು.

ಹೆಜ್ಜೆ 4: ಓಟ ಆರಿಸಿಕೊಳ್ಳುವುದು

ಕಾಲಿನ ಕೆಲಸ ಅರ್ಧ, ಕ್ಯಾಲೆಂಡರ್ ಕೆಲಸ ಅರ್ಧ ಅಂತ ನಾನು ಹೇಳಿದರೆ ನಮ್ಮ ಹುಡುಗನಿಗೆ ಕೋಪ ಬರುತ್ತದೆ. ಆದರೂ ಹೇಳುತ್ತೇನೆ.

ಪಾಯಿಂಟ್ ಸಿಗುವುದು ಫಿಸ್ ಕ್ಯಾಲೆಂಡರ್‌ನಲ್ಲಿರುವ ಓಟದಲ್ಲಿ ಮಾತ್ರ. ನಮ್ಮ ದೇಶದಲ್ಲಿ ಗುಲ್ಮಾರ್ಗ್ ಇದೆ, ಉತ್ತರಾಖಂಡದ ಔಲಿ ಇದೆ, ಅಲ್ಲಿ ಪದಕ ಗೆದ್ದರೆ ಸಂತೋಷವೇ. ಆದರೆ ಆ ಓಟ ಕ್ಯಾಲೆಂಡರ್‌ನಲ್ಲಿ ಇಲ್ಲದಿದ್ದರೆ ನಿಮ್ಮ ಪಾಯಿಂಟ್ ಖಾತೆಗೆ ಏನೂ ಜಮೆ ಆಗುವುದಿಲ್ಲ. ಹಾಗಾಗಿ ಹೊರಗೆ ಹೋಗಲೇಬೇಕು. ಸಣ್ಣ ದೇಶದವರು ಜಾಸ್ತಿ ಹೋಗುವುದು ಬಾಲ್ಕನ್ ಕಪ್‌ಗೆ, ಇಲ್ಲವೇ ಸಾಮಾನ್ಯ ಫಿಸ್ ಓಟಗಳಿಗೆ. ನಮ್ಮ ಮಳೆಗಾಲದಲ್ಲಿ ಓಡಬೇಕು ಅಂದರೆ ದಕ್ಷಿಣ ಗೋಳಾರ್ಧ: ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚಿಲಿ, ಅರ್ಜೆಂಟೀನಾ. ಅಲ್ಲಿ ಜುಲೈಯಿಂದ ಸೆಪ್ಟೆಂಬರ್ ತನಕ ಹಿಮ.

ಆರಿಸುವಾಗ ಮೂರು ವಿಷಯ ನೋಡಿ. ಮೊದಲನೆಯದು ಮೇಲೆ ಹೇಳಿದ ಗುಣಕ. ಎರಡನೆಯದು ಪೆನಾಲ್ಟಿ ಮತ್ತು ಅಂತರದ ಜಗ್ಗಾಟ. ಗಟ್ಟಿ ಓಟಕ್ಕೆ ಹೋದರೆ ಪೆನಾಲ್ಟಿ ಕಡಿಮೆ, ಆದರೆ ಗೆದ್ದವರು ನಿಮ್ಮಿಂದ ಎಷ್ಟೋ ಮುಂದೆ ಹೋಗಿಬಿಡುತ್ತಾರೆ. ಸಪ್ಪೆ ಓಟಕ್ಕೆ ಹೋದರೆ ಅಂತರ ಕಡಿಮೆ, ಪೆನಾಲ್ಟಿ ಜಾಸ್ತಿ. ನಮಗೆ ಬೇಕಾದ ಆದರ್ಶ ಓಟ ಯಾವುದೆಂದರೆ, ಒಳ್ಳೇ ಪಾಯಿಂಟ್ ಇರುವ ಮೂರ್ನಾಲ್ಕು ಜನ ಬಂದಿರಬೇಕು ಮತ್ತು ಅವತ್ತು ಅವರು ಜೀವ ಬಿಟ್ಟು ಓಡದೆ ಹಾಯಾಗಿ ಓಡಬೇಕು. ನಗಬೇಡಿ, ಸೀಸನ್ ಶುರುವಿನ ಓಟಗಳಲ್ಲಿ ಇಂಥದ್ದು ಆಗುತ್ತದೆ. ಮೂರನೆಯದು, ಒಂದೇ ಊರಿನಲ್ಲಿ ಮೂರು ದಿನಕ್ಕೆ ಎರಡು ಮೂರು ಓಟ ಇದೆಯಾ ಅಂತ. ವಿಮಾನದ ದುಡ್ಡು ಒಂದೇ, ಫಲಿತಾಂಶ ಮೂರು. ಬೆಂಗಳೂರಿನಿಂದ ಹೋಗುವವರಿಗೆ ಇದೇ ದೊಡ್ಡ ಲೆಕ್ಕ.

ರೋಲರ್ ಸ್ಕೀ ಓಟಗಳಿಗೂ ಫಿಸ್ ಪಾಯಿಂಟ್ ಉಂಟು. ಬಿಸಿಲ ನಾಡಿನವರಿಗೆ ಇದು ದೊಡ್ಡ ಆಸರೆ ಆಗಿತ್ತು. ಟೋಂಗಾ ದೇಶದ ಪೀಟಾ ಟೌಫಟೋಫುವಾ ನೆನಪಿದೆಯಾ, ಮೈಗೆ ಎಣ್ಣೆ ಹಚ್ಚಿಕೊಂಡು ಬಾವುಟ ಹಿಡಿದು ಬಂದವರು? ರೋಲರ್ ಸ್ಕೀ ಮೇಲೆ ಅಭ್ಯಾಸ ಮಾಡಿ, ಕೊನೇ ಗಳಿಗೆಯಲ್ಲಿ ಐಸ್‌ಲೆಂಡ್‌ನ ಇಸಾಫ್ಯೊರ್ದುರ್ ಅನ್ನುವ ಊರಿನ ಓಟದಲ್ಲಿ ದಡ ಸೇರಿ 2018ಕ್ಕೆ ಹೋದರು. ಆ ಒಲಿಂಪಿಕ್ಸ್‌ನ 15 ಕಿಲೋಮೀಟರ್ ಓಟದಲ್ಲಿ ಮೆಕ್ಸಿಕೋದ ಹೆರ್ಮಾನ್ ಮದ್ರಾಸೊ ಕೊಲೊನ್ಯಾಗಿಂತ ಸುಮಾರು 26 ನಿಮಿಷ ತಡವಾಗಿ, ಕೊನೆಯವರಾಗಿ, ಬಾವುಟ ಹಿಡಿದು ಗುರಿ ಮುಟ್ಟಿದರು. ಆ ಸಮಯಕ್ಕೆ ಲೆಕ್ಕ ಹಾಕಿದರೆ 600 ಪಾಯಿಂಟ್ ದಾಟುತ್ತದೆ, ಅರ್ಹತೆಗೆ ಬೇಕಿದ್ದದ್ದು 300! ಇದು ಸರಿಯಾ ಅಂತ ಮೂಗು ಮುರಿಯುವವರಿದ್ದಾರೆ. ನನ್ನ ಪ್ರಕಾರ ನಿಯಮದೊಳಗೆ ಓಡಿದ್ದಾರೆ, ಅಷ್ಟೇ. ರೋಲರ್ ಓಟದ ಪಾಯಿಂಟನ್ನು ಎಷ್ಟರ ಮಟ್ಟಿಗೆ ಎಣಿಸುತ್ತಾರೆ ಅನ್ನುವುದನ್ನು ಮಾತ್ರ ಪ್ರತಿ ಕೂಟಕ್ಕೂ ಹೊಸದಾಗಿ ಓದಿಕೊಳ್ಳಿ, ಹಳೇ ಕಥೆ ನಂಬಿ ಟಿಕೆಟ್ ಮಾಡಬೇಡಿ.

(ಬೆಂಗಳೂರಿನ ರಸ್ತೆಯಲ್ಲಿ ರೋಲರ್ ಸ್ಕೀ ಬಗ್ಗೆ ಕೇಳುವವರಿಗೆ: ಬ್ರೇಕ್ ಇರುವುದಿಲ್ಲ ಅಂದುಕೊಂಡೇ ಇಳಿಯಿರಿ. ಹಂಪ್ ಬಂದರೆ ಕಾಲು ಎತ್ತಲೇಬೇಕು. ನಾಯಿಗಳಿಗೆ ಆ ಕೋಲು ಕಂಡರೆ ಆಗುವುದಿಲ್ಲ.)

ಹೆಜ್ಜೆ 5: ಕಟ್ ಆಫ್ ಮತ್ತು ಸೀಟು

2018 ಮತ್ತು 2022ರ ಒಲಿಂಪಿಕ್ಸ್‌ನಲ್ಲಿ ಕಟ್ ಆಫ್ ಎರಡು ಥರ ಇತ್ತು. ಡಿಸ್ಟೆನ್ಸ್ ಪಟ್ಟಿಯಲ್ಲಿ 100 ಪಾಯಿಂಟ್ ಒಳಗಿದ್ದರೆ ಅದು ಎ ದರ್ಜೆ, ಹೆಚ್ಚು ಕಡಿಮೆ ಎಲ್ಲ ಓಟಕ್ಕೂ ದಾರಿ. ಸ್ಪ್ರಿಂಟ್‌ಗೆ ಈ ಗಡಿ 120. ಎ ದರ್ಜೆಯವರು ಒಬ್ಬರೂ ಇಲ್ಲದ ದೇಶಕ್ಕೆ ಮೂಲ ಕೋಟಾ ಅಂತ ಒಂದು: ಒಬ್ಬ ಗಂಡಸು, ಒಬ್ಬ ಹೆಂಗಸು, 300 ಪಾಯಿಂಟ್ ಒಳಗೆ ಇರಬೇಕು, ಮತ್ತು ಓಡಬಹುದಾದದ್ದು ಒಂದೇ ಓಟ. ಗಂಡಸರಿಗೆ 15 ಕಿಲೋಮೀಟರ್, ಹೆಂಗಸರಿಗೆ 10. 2006ರಲ್ಲಿ ಬಹಾದುರ್ ಗುಪ್ತಾ, 2010ರಲ್ಲಿ ತಾಶಿ ಲುಂಡುಪ್, 2014ರಲ್ಲಿ ನದೀಮ್ ಇಕ್ಬಾಲ್, 2018ರಲ್ಲಿ ಜಗದೀಶ್ ಸಿಂಗ್. ನಮ್ಮವರನ್ನು ಟಿವಿಯಲ್ಲಿ ಒಬ್ಬರೇ, ಒಂದೇ ದಿನ ನೋಡುವುದಕ್ಕೆ ಕಾರಣ ಇಂಥ ಕೋಟಾ. 2022ರಲ್ಲಿ ನಮ್ಮವರು ಆ ಒಬ್ಬರೂ ಇರಲಿಲ್ಲ, ಬೀಜಿಂಗ್‌ಗೆ ಭಾರತದಿಂದ ಹೋದವರು ಆಲ್ಪೈನ್ ಸ್ಕೀಯ (ಬೆಟ್ಟದ ಇಳಿಜಾರಿನಲ್ಲಿ ಇಳಿಯುವ ಸ್ಪರ್ಧೆ) ಆರಿಫ್ ಖಾನ್ ಒಬ್ಬರೇ.

ಆ ಒಂದೇ ಓಟದ ಶೈಲಿ ಯಾವುದು ಅಂತ ಮೊದಲೇ ನೋಡಿಕೊಳ್ಳಿ. 2014ರಲ್ಲಿ ಕ್ಲಾಸಿಕ್, 2018ರಲ್ಲಿ ಫ್ರೀ, 2022ರಲ್ಲಿ ಕ್ಲಾಸಿಕ್, 2026ರಲ್ಲಿ ಫ್ರೀ. ಕ್ಲಾಸಿಕ್ ಅಂದರೆ ಹಳಿಯಂಥ ಗೆರೆಯಲ್ಲಿ ಕಾಲು ನೇರ ಜಾರಿಸುವುದು, ಫ್ರೀ ಅಂದರೆ ಸ್ಕೇಟಿಂಗ್ ಥರ ಪಕ್ಕಕ್ಕೆ ತಳ್ಳುವುದು. ಸ್ಕೀ ಬೇರೆ, ಶೂ ಬೇರೆ, ಖರ್ಚು ಎರಡರಷ್ಟು. 2026ಕ್ಕೆ ಇನ್ನೊಂದು ಬದಲಾವಣೆ ಬಂತು, ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಗಂಡಸರಿಗೂ ಹೆಂಗಸರಿಗೂ ಒಂದೇ ದೂರ. ಒಬ್ಬೊಬ್ಬರನ್ನೇ ಬಿಡುವ ಓಟ ಇಬ್ಬರಿಗೂ 10 ಕಿಲೋಮೀಟರ್, ಮಾಸ್ ಸ್ಟಾರ್ಟ್ ಇಬ್ಬರಿಗೂ 50. ಬರಬೇಕಾದದ್ದೇ, ತಡವಾಗಿ ಬಂತು.

ಒಟ್ಟು ಸೀಟು ಎಷ್ಟು? 2022ರಲ್ಲಿ 296, ಗಂಡಸರಿಗೆ 148, ಹೆಂಗಸರಿಗೆ 148. ಒಂದು ದೇಶಕ್ಕೆ ಗರಿಷ್ಠ ತಲಾ 8, ಒಂದು ಓಟಕ್ಕೆ 4 ಜನ, ರಿಲೇಗೆ ಒಂದು ತಂಡ. ಮೂಲ ಕೋಟಾ ಮೇಲಿನ ಸೀಟುಗಳು ಹಿಂದಿನ ಸೀಸನ್‌ಗಳಲ್ಲಿ ಆ ದೇಶದವರು ಹೇಗೆ ಓಡಿದ್ದಾರೆ ಅನ್ನುವುದರ ಮೇಲೆ ಹಂಚಿಕೆ ಆಗುತ್ತವೆ. ಅಂದರೆ ಇವತ್ತು ಒಬ್ಬರು ಚೆನ್ನಾಗಿ ಓಡಿದ್ದು ಮುಂದೆ ಬೇರೆ ಯಾರಿಗೋ ಸೀಟಾಗಿ ಸಿಗಬಹುದು.

ಹೆಜ್ಜೆ 6: ಮನೆಯೊಳಗಿನ ಆಯ್ಕೆ

ಇಲ್ಲಿ ನಾರ್ವೆಯ ಕಷ್ಟ ಬೇರೆ, ನಮ್ಮ ಕಷ್ಟ ಬೇರೆ. ನಾರ್ವೆಯಲ್ಲಿ ಅರ್ಹತೆ ಇರುವವರು ಸೀಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ವಿಶ್ವಕಪ್‌ನಲ್ಲಿ ಪದಕ ಗೆಲ್ಲುವವರೂ ಮನೆಯಲ್ಲಿ ಕೂತು ಟಿವಿ ನೋಡಬೇಕಾಗುತ್ತದೆ. ಅಲ್ಲಿ ತೀರ್ಮಾನ ಹೆಚ್ಚಾಗಿ ತರಬೇತುದಾರರದ್ದು: ವಿಶ್ವಕಪ್ ಫಲಿತಾಂಶ, ಜನವರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್, ರಿಲೇಗೆ ಯಾರು ಬೇಕು ಅನ್ನುವ ಲೆಕ್ಕ. ಅಮೆರಿಕದವರು ಆಯ್ಕೆಯ ಮಾನದಂಡವನ್ನು ಮೊದಲೇ ಬರೆದು ಪ್ರಕಟಿಸುತ್ತಾರೆ. ನನಗೆ ಇದೇ ಇಷ್ಟ. ಬರೆದದ್ದು ಇದ್ದರೆ ಜಗಳ ಆಡುವುದಕ್ಕೂ ಒಂದು ಆಧಾರ ಇರುತ್ತದೆ ಅಲ್ವಾ?

ನಮ್ಮಲ್ಲಿ ಸೀಟು ಒಂದು ಸಿಕ್ಕರೆ ಹೆಚ್ಚು. ಸ್ಪರ್ಧೆ ಮಾತ್ರ ಸಣ್ಣದಲ್ಲ. ವರ್ಷಗಟ್ಟಲೆ ಹಿಮದಲ್ಲೇ ಇರುವ ಸೇನೆಯ ಹುಡುಗರು, ಐಟಿಬಿಪಿ ಹುಡುಗರು, ಲಡಾಖ್, ಕಾಶ್ಮೀರ, ಹಿಮಾಚಲದವರು ಇದ್ದಾರೆ. ಬೆಂಗಳೂರಿನಿಂದ ಹೋಗುವವರು ಅವರ ಪಾಯಿಂಟ್ ಎಷ್ಟಿದೆ ಅಂತ ಫಿಸ್ ಪಟ್ಟಿಯಲ್ಲಿ ಯಾವಾಗಲೂ ನೋಡುತ್ತಿರಬೇಕು, ಪಟ್ಟಿ ಎಲ್ಲರಿಗೂ ತೆರೆದಿದೆ. ಇಬ್ಬರು ಕಟ್ ಆಫ್ ಒಳಗೆ ಬಂದು ಸೀಟು ಒಂದೇ ಇದ್ದರೆ ಯಾರು ಹೋಗುತ್ತಾರೆ ಅನ್ನುವ ಮಾನದಂಡವನ್ನು ಸೀಸನ್ ಶುರುವಾಗುವ ಮುಂಚೆ ಒಕ್ಕೂಟದಿಂದ ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಬೇಡ.

ಹೆಜ್ಜೆ 7: ಕೊನೆಯ ವಾರಗಳು

ಅರ್ಹತಾ ಅವಧಿ ಒಂದು ತಾರೀಖಿಗೆ ಮುಗಿಯುತ್ತದೆ. 2022ಕ್ಕೆ ಅದು 2020ರ ಜುಲೈ 1ರಿಂದ 2022ರ ಜನವರಿ 16ರ ತನಕ ಇತ್ತು. ಅದಾದ ಮೇಲೆ ಫಿಸ್ ಸೀಟು ಘೋಷಿಸುತ್ತದೆ, ದೇಶಗಳು ಎಷ್ಟು ಸೀಟು ಬಳಸುತ್ತೇವೆ ಅಂತ ಖಚಿತಪಡಿಸಬೇಕು, ಯಾರಾದರೂ ಬಿಟ್ಟುಕೊಟ್ಟರೆ ಆ ಸೀಟು ಮುಂದಿನ ದೇಶಕ್ಕೆ ಹೋಗುತ್ತದೆ. ನಮ್ಮ ಸಿಇಟಿಯ ಕೊನೇ ಸುತ್ತಿನಂತೆಯೇ, ಫೋನ್ ಸ್ವಿಚ್ ಆಫ್ ಮಾಡಿಕೊಂಡವರಿಗೆ ಸೀಟು ಹೋಯಿತು. ಹೆಸರನ್ನು ಕೂಟಕ್ಕೆ ಕಳಿಸುವುದು ಮಾತ್ರ ಸ್ಕೀ ಒಕ್ಕೂಟ ಅಲ್ಲ, ರಾಷ್ಟ್ರೀಯ ಒಲಿಂಪಿಕ್ ಸಮಿತಿ, ಅಂದರೆ ನಮ್ಮಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ. ಎರಡು ಕಚೇರಿ ಅಂದರೆ ಎರಡು ಕಡೆ ಫಾಲೋ ಅಪ್. ಪಾಸ್‌ಪೋರ್ಟ್ ಅವಧಿ, ಕಿಟ್ ಅಳತೆ, ವೈದ್ಯಕೀಯ ಕಾಗದ ಎಲ್ಲ ಡಿಸೆಂಬರ್‌ನಲ್ಲೇ ಸಿದ್ಧ ಇರಲಿ.

ನಮ್ಮ ಹುಡುಗನ ಲೆಕ್ಕ ಎಲ್ಲಿಗೆ ಬಂತು ಅಂತ ಕೇಳುತ್ತೀರಿ, ಹೇಳಿಬಿಡುತ್ತೇನೆ. ನಾಲ್ಕು ಓಟ ಆಗಿವೆ: 335, 322, 308, 295. ಮೊತ್ತ 1260. ಹಳೆಯ 300ರ ಗಡಿಯನ್ನೇ ಗುರಿ ಇಟ್ಟುಕೊಂಡರೆ ಐದರ ಮೊತ್ತ 1500 ದಾಟಬಾರದು, ಅಂದರೆ ಐದನೆಯದು 240 ಬರಬೇಕು. 60 ಪೆನಾಲ್ಟಿಯ ಓಟ ಸಿಕ್ಕಿ, ಗೆದ್ದವರು 10 ಕಿಲೋಮೀಟರನ್ನು 27 ನಿಮಿಷದಲ್ಲಿ ಮುಗಿಸಿದರೆ, ಇವನು 33 ನಿಮಿಷ 4 ಸೆಕೆಂಡಿನೊಳಗೆ ಬರಬೇಕು. ಇವನ ಒಳ್ಳೇ ಸಮಯ ಈಗ 34 ನಿಮಿಷ ಚಿಲ್ಲರೆ. ಆ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಅಕ್ಕ ಅದರ ಕೆಳಗೆ ಹಾಲಿನ ಲೆಕ್ಕ ಬರೆಯುತ್ತಾಳೆ.